ಸಾವಿರಾರು ಕನೆಕ್ಷನ್, ಒಂದೇ ಥ್ರೆಡ್: ಅಸಿಂಕ್ ಲೈಬ್ರರಿ ಮಾಡುವ ಕೆಲಸ, ನಮಗೆ ಬಿಡುವ ಕೆಲಸ

ಒಂದು ಸಾರಿಗೆ ಸಂಸ್ಥೆಯ 5,000 ಬಸ್ಸುಗಳಲ್ಲಿ ಜಿಪಿಎಸ್ ಪೆಟ್ಟಿಗೆ ಕೂರಿಸಿದ್ದಾರೆ ಎಂದುಕೊಳ್ಳಿ. ಪ್ರತಿ ಪೆಟ್ಟಿಗೆಯೊಳಗೂ ಒಂದು ಸಿಮ್ ಇದೆ. ಬಸ್ಸು ಸ್ಟಾರ್ಟ್ ಆದ ಕೂಡಲೇ ಅದು ಸರ್ವರ್‌ಗೆ ಒಂದು ಟಿಸಿಪಿ (ಇಂಟರ್ನೆಟ್‌ನಲ್ಲಿ ಎರಡು ಯಂತ್ರಗಳು ಮಾತಾಡುವ ಮಾಮೂಲಿ ಪದ್ಧತಿ) ಕನೆಕ್ಷನ್ ತೆರೆಯುತ್ತದೆ. ಆಮೇಲೆ ಹತ್ತು ಸೆಕೆಂಡಿಗೊಮ್ಮೆ ಒಂದು ಸಾಲು ಕಳಿಸುತ್ತದೆ. ಪೆಟ್ಟಿಗೆಯ ನಂಬರು, ಸಮಯ, ಅಕ್ಷಾಂಶ, ರೇಖಾಂಶ, ವೇಗ. ಅಷ್ಟೇ.

ಲೆಕ್ಕ ಹಾಕಿದರೆ ಸರ್ವರ್‌ಗೆ ಸೆಕೆಂಡಿಗೆ 500 ಸಾಲು ಬರುತ್ತದೆ. ಒಂದು ಸಾಲು ನೂರು ಬೈಟ್ ಅಂದರೂ ಸೆಕೆಂಡಿಗೆ 50 ಕಿಲೋಬೈಟ್. ಸಾಧಾರಣ ಲ್ಯಾಪ್‌ಟಾಪ್‌ಗೂ ಇದು ದೊಡ್ಡ ಕೆಲಸವಲ್ಲ. ಆದರೂ ಇಂಥ ಸರ್ವರ್‌ಗಳು ಮಧ್ಯಾಹ್ನದ ಹೊತ್ತಿಗೆ ಕೈಚೆಲ್ಲಿ ಕೂರುವುದುಂಟು. ಕಷ್ಟ ಇರುವುದು ಡೇಟಾದಲ್ಲಲ್ಲ, ಕನೆಕ್ಷನ್‌ಗಳಲ್ಲಿ. ಐದು ಸಾವಿರ ಕನೆಕ್ಷನ್‌ಗಳನ್ನು ದಿನವಿಡೀ ಹಿಡಿದುಕೊಂಡಿರಬೇಕು. ಯಾವುದು ಬದುಕಿದೆ, ಯಾವುದು ಸತ್ತಿದೆ ಅಂತ ಗೊತ್ತಿರಬೇಕು. ಸತ್ತದ್ದನ್ನು ಕೈಬಿಡಬೇಕು.

ಹಿಡಿದುಕೊಳ್ಳುವ ಕೆಲಸವನ್ನು ಅಗ್ಗ ಮಾಡಲಿಕ್ಕೇ ಅಸಿಂಕ್ರನಸ್ ನೆಟ್‌ವರ್ಕ್ ಲೈಬ್ರರಿಗಳು ಇರುವುದು. ಒಂದಕ್ಕೇ ಕಾಯುತ್ತಾ ನಿಲ್ಲದೆ ಉಳಿದವನ್ನೂ ನೋಡಿಕೊಳ್ಳುವ ಲೈಬ್ರರಿಗಳು ಇವು. ಪೈಥಾನ್‌ನಲ್ಲಿ ಅಸಿಂಕ್‌ಐಒ ಮತ್ತು ಟ್ವಿಸ್ಟೆಡ್, ಸಿ ಪ್ಲಸ್ ಪ್ಲಸ್‌ನಲ್ಲಿ ಬೂಸ್ಟ್ ಏಸಿಯೊ, ಜಾವಾದಲ್ಲಿ ನೆಟ್ಟಿ, ನೋಡ್ ಜೆಎಸ್‌ನ ಒಳಗೆ ಲಿಬ್‌ಯುವಿ. ಈ ಲೇಖನದಲ್ಲಿ ಅಸಿಂಕ್‌ಐಒ ಇಟ್ಟುಕೊಂಡು ಹೇಳುತ್ತೇನೆ. ಹೆಸರುಗಳು ಬದಲಾಗುತ್ತವೆ, ತೊಂದರೆಗಳು ಎಲ್ಲ ಕಡೆಯೂ ಇವೇ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಕನೆಕ್ಷನ್ ಇಟ್ಟುಕೊಳ್ಳುವುದನ್ನು ಲೈಬ್ರರಿ ಸುಲಭ ಮಾಡುತ್ತದೆ. ಅದನ್ನು ಯಾವಾಗ ಬಿಡಬೇಕು ಅನ್ನುವುದನ್ನು ನಾವೇ ಹೇಳಬೇಕು. ಹೆಚ್ಚಿನ ಟ್ಯುಟೋರಿಯಲ್‌ಗಳು ಮೊದಲನೆಯದನ್ನು ಹೇಳಿ ಮುಗಿಸುತ್ತವೆ. ನನಗೆ ಎರಡನೆಯದೇ ಮುಖ್ಯ.

ಸುಮ್ನೆ ಕಾಯುವುದಕ್ಕೂ ಖರ್ಚಿದೆ

ಸಾಮಾನ್ಯ ಸಾಕೆಟ್‌ನಿಂದ (ಕನೆಕ್ಷನ್‌ನ ನಮ್ಮ ಕಡೆಯ ತುದಿ) ಓದಲು ಹೋದರೆ, ಡೇಟಾ ಬರುವವರೆಗೆ ಪ್ರೋಗ್ರಾಂ ಅಲ್ಲೇ ನಿಂತುಬಿಡುತ್ತದೆ. ಒಂದು ಕನೆಕ್ಷನ್ ಇದ್ದರೆ ಪರವಾಗಿಲ್ಲ. ಎರಡು ಇದ್ದರೆ, ಮೊದಲನೆಯದಕ್ಕೆ ಕಾಯುತ್ತಾ ಕೂತಾಗ ಎರಡನೆಯದರಲ್ಲಿ ಬಂದದ್ದು ಹಾಗೇ ಬಿದ್ದಿರುತ್ತದೆ. ಹಳೆಯ ಪರಿಹಾರ ಅಂದರೆ ಪ್ರತಿ ಕನೆಕ್ಷನ್‌ಗೆ ಒಂದು ಥ್ರೆಡ್ (ಪ್ರೋಗ್ರಾಂನೊಳಗೆ ಬೇರೆಯಾಗಿ ಓಡುವ ಒಂದು ಎಳೆ) ಕೊಡುವುದು.

ಇದು ಕೆಟ್ಟ ಪರಿಹಾರವೇನಲ್ಲ. ಐವತ್ತೋ ನೂರೋ ಕನೆಕ್ಷನ್ ಇದ್ದರೆ ಇವತ್ತಿಗೂ ನಾನು ಥ್ರೆಡ್ಡನ್ನೇ ಬಳಸು ಅಂತೀನಿ. ಆದರೆ ಲಿನಕ್ಸ್‌ನಲ್ಲಿ ಒಂದು ಥ್ರೆಡ್‌ನ ಸ್ಟ್ಯಾಕ್‌ಗೆ ಸಾಮಾನ್ಯವಾಗಿ 8 ಎಂಬಿ ಜಾಗ ಕಾದಿರಿಸಲಾಗುತ್ತದೆ. 5,000 ಥ್ರೆಡ್‌ಗೆ 40 ಜಿಬಿ. ಇದು ಅಡ್ರೆಸ್ ಲೆಕ್ಕದ ಜಾಗ, ಅಷ್ಟೂ ನಿಜವಾದ ಮೆಮೊರಿ ಅಲ್ಲ. ಆದರೂ ಪ್ರತಿ ಥ್ರೆಡ್ಡೂ ಸ್ವಲ್ಪ ಮೆಮೊರಿ ತಿನ್ನುತ್ತದೆ, ಒಂದರಿಂದ ಇನ್ನೊಂದಕ್ಕೆ ಹಾರುವಾಗಲೆಲ್ಲ ಸಮಯ ಹೋಗುತ್ತದೆ. ಅದೂ ಯಾವುದಕ್ಕೆ? ಹತ್ತು ಸೆಕೆಂಡಿನಲ್ಲಿ ಒಂದೆರಡು ಮಿಲಿಸೆಕೆಂಡ್ ಕೆಲಸ ಮಾಡಿ, ಉಳಿದ ಹೊತ್ತೆಲ್ಲ ಕಾಯುತ್ತಾ ಕೂರುವುದಕ್ಕೆ.

1999ರಲ್ಲಿ ಡ್ಯಾನ್ ಕೆಗೆಲ್ ಅನ್ನುವ ಪ್ರೋಗ್ರಾಮರ್ ಇದಕ್ಕೆ ಸಿ10ಕೆ ಸಮಸ್ಯೆ ಅಂತ ಹೆಸರಿಟ್ಟರು. ಒಂದು ಯಂತ್ರ ಏಕಕಾಲಕ್ಕೆ ಹತ್ತು ಸಾವಿರ ಕ್ಲೈಂಟ್‌ಗಳನ್ನು ನಿಭಾಯಿಸುವುದು ಹೇಗೆ ಅನ್ನುವ ಪ್ರಶ್ನೆ ಅದು. ಆಗಿನ ಹಾರ್ಡ್‌ವೇರ್‌ಗೆ ಆ ಶಕ್ತಿ ಇತ್ತು. ತೊಡಕಿದ್ದದ್ದು ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನ ಜೊತೆ ಮಾತಾಡುವ ರೀತಿಯಲ್ಲಿ.

1983ರ 4.2 ಬಿಎಸ್‌ಡಿಯಲ್ಲೇ (ಯುನಿಕ್ಸ್‌ನ ಒಂದು ಆವೃತ್ತಿ) ಸೆಲೆಕ್ಟ್ ಅನ್ನುವ ಕರೆ ಬಂದಿತ್ತು. ಇಷ್ಟು ಸಾಕೆಟ್‌ಗಳಲ್ಲಿ ಯಾವುದು ಓದಲು ಸಿದ್ಧವಿದೆ ಅಂತ ಕರ್ನಲ್ಲನ್ನು ಒಟ್ಟಿಗೆ ಕೇಳಬಹುದಿತ್ತು. ಆದರೆ ಪ್ರತಿ ಸಲವೂ ಇಡೀ ಪಟ್ಟಿ ಕೊಡಬೇಕು, ಕರ್ನಲ್ ಪ್ರತಿ ಸಲವೂ ಇಡೀ ಪಟ್ಟಿ ತಡಕಬೇಕು. ಅದರ ಮೇಲೆ ಸಾಮಾನ್ಯವಾಗಿ 1,024 ಸಾಕೆಟ್‌ಗಳ ಮಿತಿ ಬೇರೆ. 2000ದಲ್ಲಿ ಫ್ರೀಬಿಎಸ್‌ಡಿಗೆ ಕೆಕ್ಯೂ ಬಂತು, 2002ರಲ್ಲಿ ಲಿನಕ್ಸ್ ಕರ್ನಲ್‌ಗೆ ಇಪೋಲ್ ಸೇರಿತು. ಇವುಗಳಲ್ಲಿ ಸಾಕೆಟ್‌ನ ಹೆಸರನ್ನು ಒಂದು ಸಲ ಬರೆಸಿದರೆ ಸಾಕು. ಆಮೇಲೆ ಕೇಳಿದಾಗಲೆಲ್ಲ ಸಿದ್ಧವಿರುವುದನ್ನು ಮಾತ್ರ ಕರ್ನಲ್ ಹೇಳುತ್ತದೆ. 5,000ದಲ್ಲಿ ಮೂರೇ ಸಿದ್ಧವಿದ್ದರೆ ಕೈಗೆ ಬರುವುದೂ ಮೂರೇ. ಇವತ್ತಿನ ಹೆಚ್ಚಿನ ಅಸಿಂಕ್ ಲೈಬ್ರರಿಗಳು ಇಂಥ ಕರೆಗಳ ಮೇಲೇ ನಿಂತಿವೆ.

ಒಂದು ಸಾಲು ಬಂದಾಗ ಒಳಗೆ ನಡೆಯುವುದು

417ನೇ ಪೆಟ್ಟಿಗೆಯಿಂದ ಒಂದು ಸಾಲು ಹೊರಟಿತು ಅಂದುಕೊಳ್ಳಿ. ನಮ್ಮ ಪ್ರೋಗ್ರಾಂನಲ್ಲಿ ಪ್ರತಿ ಕನೆಕ್ಷನ್‌ಗೂ ಒಂದು ಕೋರುಟೀನ್ (ನಡುವೆ ನಿಂತು, ಮತ್ತೆ ಅಲ್ಲಿಂದಲೇ ಮುಂದುವರಿಯಬಲ್ಲ ಫಂಕ್ಷನ್) ಓಡುತ್ತಿದೆ. ಅಸಿಂಕ್‌ಐಒದ ಸ್ಟಾರ್ಟ್ ಸರ್ವರ್ ಅನ್ನುವ ಫಂಕ್ಷನ್‌ಗೆ ನಮ್ಮ ಹ್ಯಾಂಡ್ಲರ್ (ಒಂದು ಕನೆಕ್ಷನ್ನನ್ನು ನೋಡಿಕೊಳ್ಳುವ ಕೋರುಟೀನ್) ಕೊಟ್ಟರೆ, ಹೊಸ ಕನೆಕ್ಷನ್ ಬಂದಾಗಲೆಲ್ಲ ಅದು ಈ ಹ್ಯಾಂಡ್ಲರ್‌ನ ಒಂದು ಹೊಸ ಟಾಸ್ಕ್ ಶುರು ಮಾಡುತ್ತದೆ. ಕೈಗೆ ಒಂದು ರೀಡರ್, ಒಂದು ರೈಟರ್ ಕೊಡುತ್ತದೆ. 417ರ ಟಾಸ್ಕ್ ಈಗ ರೀಡ್‌ಲೈನ್‌ಗೆ ಅವೇಟ್ ಹಾಕಿ, ಅಂದರೆ ಸಾಲು ಬಂದಾಗ ಎಬ್ಬಿಸು ಅಂತ ಹೇಳಿ, ಮಲಗಿದೆ.

ಪ್ಯಾಕೆಟ್ ನೆಟ್‌ವರ್ಕ್ ಕಾರ್ಡಿಗೆ ಬರುತ್ತದೆ. ಕರ್ನಲ್ ಅದನ್ನು ಬಿಚ್ಚಿ, ಬೈಟ್‌ಗಳನ್ನು 417ರ ಸಾಕೆಟ್ ಬಫರ್‌ನಲ್ಲಿ ಇಟ್ಟು, ಆ ಸಾಕೆಟ್ ಸಿದ್ಧ ಅಂತ ಇಪೋಲ್ ಪಟ್ಟಿಯಲ್ಲಿ ಗುರುತು ಹಾಕುತ್ತದೆ. ಟಾಸ್ಕ್‌ಗಳನ್ನು ಸರದಿಯಲ್ಲಿ ಓಡಿಸುವ ಈವೆಂಟ್ ಲೂಪ್ ಇಪೋಲ್‌ನಲ್ಲಿ ಕಾಯುತ್ತಿತ್ತು, ಈಗ ಎದ್ದಿತು. ಯಾವ ಸಾಕೆಟ್ ಅಂತ ನೋಡಿ ಬೈಟ್‌ಗಳನ್ನು ರೀಡರ್‌ನ ಬಫರ್‌ಗೆ ತುಂಬುತ್ತದೆ. ಕಾಯುತ್ತಿದ್ದ ಟಾಸ್ಕನ್ನು ಓಡಬೇಕಾದವರ ಸಾಲಿಗೆ ಸೇರಿಸುತ್ತದೆ. ಲೂಪ್‌ನ ಮುಂದಿನ ಸುತ್ತಿನಲ್ಲಿ ಆ ಟಾಸ್ಕ್ ನಿಂತಿದ್ದ ಜಾಗದಿಂದಲೇ ಮುಂದುವರಿಯುತ್ತದೆ. ಅದರ ವೇರಿಯಬಲ್‌ಗಳೆಲ್ಲ ಹಾಗೇ ಇವೆ. ಬಫರ್‌ನಲ್ಲಿ ಸಾಲಿನ ಕೊನೆಯ ಗುರುತು ಇದೆಯಾ ಅಂತ ರೀಡ್‌ಲೈನ್ ನೋಡುತ್ತದೆ. ಇದ್ದರೆ ಸಾಲನ್ನು ಕೊಡುತ್ತದೆ. ಇಲ್ಲದಿದ್ದರೆ ಮತ್ತೆ ಮಲಗುತ್ತದೆ. ಸಾಲು ಸಿಕ್ಕರೆ ನಮ್ಮ ಕೋಡ್ ಅದನ್ನು ಬಿಡಿಸಿ ಓದಿ, ಜಾಗ ಬರೆದುಕೊಂಡು, ಮತ್ತೆ ರೀಡ್‌ಲೈನ್‌ಗೆ ಬಂದು ನಿಲ್ಲುತ್ತದೆ.

ಮಲಗಿರುವ ಟಾಸ್ಕ್ ಒಂದಕ್ಕೆ ತಗಲುವುದು ಕೆಲವು ಕಿಲೋಬೈಟ್ ಮೆಮೊರಿ ಮಾತ್ರ. ಸಿಪಿಯು ಸ್ವಲ್ಪವೂ ಬೇಡ. ಹಾಗಾಗಿಯೇ ಒಂದೇ ಥ್ರೆಡ್‌ನಲ್ಲಿ ಐದು ಸಾವಿರ ಆರಾಮಾಗಿ ಹಿಡಿಯುತ್ತದೆ.

ಇಲ್ಲಿ ಎರಡು ವಿಷಯ ಗಟ್ಟಿಯಾಗಿ ನೆನಪಿಡಬೇಕು. ಎರಡು ಅವೇಟ್‌ಗಳ ನಡುವೆ ಬೇರೆ ಯಾವ ಟಾಸ್ಕೂ ಓಡುವುದಿಲ್ಲ. ಅಲ್ಲಿ ಲಾಕ್ ಇಲ್ಲದೆಯೇ ಎಲ್ಲ ಟಾಸ್ಕ್‌ಗಳೂ ಬಳಸುವ ಡಿಕ್ಷನರಿ (ಯಾವುದಕ್ಕೆ ಯಾವುದು ಅಂತ ಜೋಡಿಸಿಟ್ಟ ಪಟ್ಟಿ) ತಿದ್ದಬಹುದು. ಆದರೆ ಒಂದು ಅವೇಟ್ ದಾಟಿದ ಮೇಲೆ ಜಗತ್ತು ಮೊದಲಿದ್ದ ಹಾಗೇ ಇದೆ ಅಂತ ನಂಬುವಂತಿಲ್ಲ. ಆ ನಡುವೆ ಸಾವಿರ ಟಾಸ್ಕ್‌ಗಳು ಓಡಿರಬಹುದು. ಇದು ಎಲ್ಲಿ ಕಚ್ಚುತ್ತದೆ ಅಂತ ಮುಂದೆ ಘಾಟಿ ಹತ್ತುವಾಗ ನೋಡೋಣ.

ಈ ಅವೇಟ್ ಬರವಣಿಗೆ ತೀರಾ ಹಳೆಯದಲ್ಲ. 2000ದ ದಶಕದ ಆರಂಭದಲ್ಲೇ ಟ್ವಿಸ್ಟೆಡ್ ಪೈಥಾನ್‌ಗೆ ಈವೆಂಟ್ ಲೂಪ್ ತಂದಿತ್ತು. ಆದರೆ ಅಲ್ಲಿ ಎಲ್ಲವನ್ನೂ ಕಾಲ್‌ಬ್ಯಾಕ್ (ಕೆಲಸ ಮುಗಿದಾಗ ಕರೆಯಲೆಂದು ಕೊಟ್ಟಿಡುವ ಫಂಕ್ಷನ್) ಸರಪಳಿಯಾಗಿ ಬರೆಯಬೇಕಿತ್ತು. ಪೈಥಾನ್ ಹುಟ್ಟುಹಾಕಿದ ಗಿಡೊ ವಾನ್ ರಾಸಮ್ ಟ್ಯುಲಿಪ್ ಹೆಸರಿನಲ್ಲಿ ಶುರು ಮಾಡಿದ್ದು ಅಸಿಂಕ್‌ಐಒ ಆಗಿ 2014ರ ಪೈಥಾನ್ 3.4ರಲ್ಲಿ ಬಂತು. ಮರುವರ್ಷ 3.5ರಲ್ಲಿ ಅಸಿಂಕ್ ಮತ್ತು ಅವೇಟ್ ಭಾಷೆಯೊಳಗೇ ಸೇರಿದವು. ಅಸಿಂಕ್‌ಐಒದ ಟ್ರಾನ್ಸ್‌ಪೋರ್ಟ್, ಪ್ರೋಟೊಕಾಲ್ ಅನ್ನುವ ವಿಂಗಡಣೆಯಲ್ಲಿ ಟ್ವಿಸ್ಟೆಡ್‌ನ ಋಣ ಎದ್ದು ಕಾಣುತ್ತದೆ.

ಟಿಸಿಪಿಗೆ ಸಾಲು ಗೊತ್ತಿಲ್ಲ

ಪೆಟ್ಟಿಗೆ ಒಂದು ಸಾಲು ಕಳಿಸಿದರೆ ಸರ್ವರ್‌ಗೆ ಒಂದು ಸಾಲೇ ಬರುತ್ತದೆ ಅನ್ನುವ ಖಾತ್ರಿ ಇಲ್ಲ. ಟಿಸಿಪಿ ಕೊಡುವುದು ಬರೀ ಬೈಟ್‌ಗಳ ಹರಿವು. ನೂರು ಬೈಟ್‌ನ ಸಾಲು ಅರವತ್ತು, ನಲವತ್ತಾಗಿ ಒಡೆದು ಬರಬಹುದು. ಎರಡು ಸಾಲು ಅಂಟಿಕೊಂಡೂ ಬರಬಹುದು. ಒಂದು ಸಲಕ್ಕೆ 1,024 ಬೈಟ್ ಓದಿ ಅದನ್ನೇ ಒಂದು ಸಾಲು ಅಂತ ನಂಬುವ ಕೋಡ್, ನಮ್ಮ ಮೇಜಿನ ಮೇಲಿನ ಯಂತ್ರದಲ್ಲಿ ವರ್ಷಗಟ್ಟಲೆ ಸರಿಯಾಗಿ ಓಡೀತು. ಮೊಬೈಲ್ ನೆಟ್‌ವರ್ಕ್‌ಗೆ ಹಾಕಿದ ದಿನವೇ ಕೆಡುತ್ತದೆ.

ಅದಕ್ಕೇ ರೀಡ್‌ಲೈನ್, ರೀಡ್‌ಎಕ್ಸಾಕ್ಟ್ಲಿ ತರಹದವು ಇರುವುದು. ಸಾಲು ಮುಗಿಯುವವರೆಗೆ, ಅಥವಾ ಹೇಳಿದಷ್ಟು ಬೈಟ್ ಬರುವವರೆಗೆ ಅವು ಕಾಯುತ್ತವೆ. ಅಸಿಂಕ್‌ಐಒದ ರೀಡರ್ ಮಾಮೂಲಾಗಿ 64 ಕಿಲೋಬೈಟ್ ಮಿತಿ ಇಟ್ಟಿದೆ. ಅಷ್ಟಾದರೂ ಸಾಲು ಮುಗಿಯದಿದ್ದರೆ ವ್ಯಾಲ್ಯೂ ಎರರ್ ಎಸೆಯುತ್ತದೆ. ಇದನ್ನು ಕಿರಿಕಿರಿ ಅಂತ ನೋಡಬೇಡಿ. ಸಾಲಿನ ಕೊನೆಯ ಗುರುತನ್ನೇ ಕಳಿಸದೆ ಬೈಟ್ ಸುರಿಯುತ್ತಾ ಹೋಗುವ ಕೆಟ್ಟ ಪೆಟ್ಟಿಗೆಯಿಂದ ಸರ್ವರ್‌ನ ಮೆಮೊರಿ ಉಳಿಸುವುದು ಇದೇ. ನಮ್ಮ ಸಾಲು ನೂರು ಬೈಟ್ ಅಂತ ಗೊತ್ತಿದ್ದರೆ ಮಿತಿಯನ್ನು ಇನ್ನೂ ಇಳಿಸಿಬಿಡಿ.

ಒಬ್ಬ ನಿಂತರೆ ಎಲ್ಲರೂ ನಿಂತ ಹಾಗೆ

ಥ್ರೆಡ್ ಒಂದೇ ಇರುವುದರಿಂದ, ಹ್ಯಾಂಡ್ಲರ್‌ನಲ್ಲಿ ಎಲ್ಲಾದರೂ ಅವೇಟ್ ಇಲ್ಲದೆ ತಡೆದು ನಿಂತರೆ ಐದು ಸಾವಿರವೂ ನಿಲ್ಲುತ್ತವೆ. ಜಾಸ್ತಿ ಜನ ಎಡವುವುದು ಡೇಟಾಬೇಸ್ ಹತ್ತಿರ. ಪ್ರತಿ ಸಾಲಿಗೂ ಮಾಮೂಲಿ ಡ್ರೈವರ್‌ನಿಂದ (ಡೇಟಾಬೇಸ್ ಜೊತೆ ಮಾತಾಡುವ ಲೈಬ್ರರಿ) ಒಂದು ಇನ್ಸರ್ಟ್, ಅಂದರೆ ಒಂದು ಬರವಣಿಗೆ, ಅದಕ್ಕೆ 20 ಮಿಲಿಸೆಕೆಂಡ್ ಅಂತಿಟ್ಟುಕೊಳ್ಳಿ. ಸೆಕೆಂಡಿಗೆ 500 ಸಾಲು. ಅಂದರೆ ಒಂದು ಸೆಕೆಂಡಿನಲ್ಲಿ ಹತ್ತು ಸೆಕೆಂಡಿನ ಕೆಲಸ ಬಂದು ಬೀಳುತ್ತಿದೆ. ಯಾವ ಲೈಬ್ರರಿಯೂ ಇದನ್ನು ಕಾಪಾಡಲಾರದು.

ಅಸಿಂಕ್ ಡ್ರೈವರ್ ಹಾಕಿದರೆ ಲೂಪ್ ನಿಲ್ಲುವುದಿಲ್ಲ, ಆದರೆ ಡೇಟಾಬೇಸ್ ಮೇಲಿನ ಹೊರೆ ಹಾಗೇ ಇರುತ್ತದೆ. ನನಗೆ ಸರಿ ಕಾಣುವ ದಾರಿ ಬೇರೆ. ಹ್ಯಾಂಡ್ಲರ್ ಸಾಲನ್ನು ಒಂದು ಕ್ಯೂಗೆ ಹಾಕಿ ಹಿಂತಿರುಗಲಿ. ಬೇರೊಂದು ಟಾಸ್ಕ್ ಸೆಕೆಂಡಿಗೊಮ್ಮೆ ಕ್ಯೂನಲ್ಲಿರುವ ಐನೂರನ್ನೂ ಒಟ್ಟಿಗೆ ಬರೆಯಲಿ. ಕ್ಯೂಗೆ ಒಂದು ಗರಿಷ್ಠ ಮಿತಿ ಇರಲೇಬೇಕು. ಇಲ್ಲದಿದ್ದರೆ ಡೇಟಾಬೇಸ್ ಕೆಟ್ಟ ದಿನ ಮೆಮೊರಿ ಪೂರ್ತಿ ಕ್ಯೂ ಆಗುತ್ತದೆ.

ಬೇರೆ ದಾರಿ ಇಲ್ಲದ ಹಳೆಯ ಲೈಬ್ರರಿ ಕರೆಗಳನ್ನು ಪೈಥಾನ್ 3.9ರಿಂದ ಬಂದಿರುವ ಟು ಥ್ರೆಡ್ ಮೂಲಕ ಪಕ್ಕದ ಥ್ರೆಡ್‌ಗೆ ತಳ್ಳಬಹುದು. ಹೆಸರಿನಿಂದ ಐಪಿ ಹುಡುಕುವ ಕೆಲಸವನ್ನು ಅಸಿಂಕ್‌ಐಒ ಸ್ವತಃ ಹೀಗೇ ಥ್ರೆಡ್‌ಗಳಿಗೆ ಕೊಟ್ಟು ಮಾಡಿಸುತ್ತದೆ. ಎಲ್ಲಿ ತಡೆಯುತ್ತಿದೆ ಅಂತ ಗೊತ್ತಾಗದಿದ್ದರೆ ಡೀಬಗ್ ಮೋಡ್ ಹಾಕಿ. 100 ಮಿಲಿಸೆಕೆಂಡ್‌ಗಿಂತ ಹೆಚ್ಚು ಹೊತ್ತು ಲೂಪನ್ನು ಹಿಡಿದಿಟ್ಟ ಪ್ರತಿಯೊಂದನ್ನೂ ಅದು ಲಾಗ್‌ನಲ್ಲಿ ಬರೆಯುತ್ತದೆ.

ಘಾಟಿಯಲ್ಲಿ ಮಾಯವಾದ ಬಸ್ಸು

ಈಗ ನಿಜವಾದ ಕಷ್ಟಕ್ಕೆ ಬರೋಣ. 417ನೇ ಪೆಟ್ಟಿಗೆ ಇರುವ ಬಸ್ಸು ಮಂಗಳೂರಿನಿಂದ ಬೆಂಗಳೂರಿಗೆ ಹೊರಟಿದೆ. ಗುಂಡ್ಯ ದಾಟಿ ಶಿರಾಡಿ ಘಾಟಿ ಹತ್ತುತ್ತಿದೆ. ಅಲ್ಲಿ ಸಿಗ್ನಲ್ ಕೈಕೊಡುವುದು ಆ ದಾರಿಯಲ್ಲಿ ಓಡಾಡಿದವರಿಗೆ ಗೊತ್ತು. ಸಿಗ್ನಲ್ ಹೋಯಿತು. ಸರ್ವರ್‌ನಲ್ಲಿ ಏನಾಯಿತು?

ಏನೂ ಆಗಲಿಲ್ಲ. ಕನೆಕ್ಷನ್ ಮುಗಿಯಿತು ಅಂತ ಹೇಳಲು ಟಿಸಿಪಿಯಲ್ಲಿ ಒಂದು ಪ್ಯಾಕೆಟ್ ಬರಬೇಕು. ಸಿಗ್ನಲ್ಲೇ ಇಲ್ಲದ ಪೆಟ್ಟಿಗೆ ಅದನ್ನು ಹೇಗೆ ಕಳಿಸುತ್ತದೆ? ಸರ್ವರ್‌ನ ಕರ್ನಲ್ ಪ್ರಕಾರ 417ರ ಕನೆಕ್ಷನ್ ಚೆನ್ನಾಗಿದೆ, ಸುಮ್ನೆ ಮೌನವಾಗಿದೆ ಅಷ್ಟೇ. ಟಾಸ್ಕ್ ರೀಡ್‌ಲೈನ್‌ನಲ್ಲಿ ಮಲಗಿದೆ. ನಾವು ಏನೂ ಮಾಡದಿದ್ದರೆ ಅದು ಹಾಗೇ ಮಲಗಿರುತ್ತದೆ. ದಿನಕ್ಕೆ ಹತ್ತಾರು ಸಲ ಸಿಗ್ನಲ್ ಕಳೆದುಕೊಳ್ಳುವ ಸಾವಿರಾರು ಬಸ್ಸುಗಳನ್ನು ಲೆಕ್ಕಕ್ಕೆ ತಗೊಳ್ಳಿ. ಇಂಥ ಅರೆಜೀವ ಕನೆಕ್ಷನ್‌ಗಳು ಗುಡ್ಡೆ ಬೀಳುತ್ತವೆ.

ಟಿಸಿಪಿ ಕೀಪ್‌ಅಲೈವ್ ಇದೆಯಲ್ಲ ಅಂತ ಕೇಳಬಹುದು. ಇದೆ, ಆದರೆ ನಾವು ಸಾಕೆಟ್‌ಗೆ ಹೇಳಿ ಹಾಕಿಸಬೇಕು. ಹಾಕಿದರೂ ಲಿನಕ್ಸ್‌ನ ಮಾಮೂಲಿ ಸೆಟ್ಟಿಂಗ್‌ನಲ್ಲಿ 7,200 ಸೆಕೆಂಡ್ ಮೌನವಾದ ಮೇಲೆ ಮೊದಲ ತಪಾಸಣೆ. ಆಮೇಲೆ 75 ಸೆಕೆಂಡಿಗೊಂದರಂತೆ ಒಂಬತ್ತು. ಕೂಡಿದರೆ 2 ಗಂಟೆ 11 ನಿಮಿಷ 15 ಸೆಕೆಂಡ್. ಅಷ್ಟರಲ್ಲಿ ಬಸ್ಸು ಘಾಟಿ ದಾಟಿ ಹಾಸನವನ್ನೂ ದಾಟಿರುತ್ತದೆ. ಈ ಅಂಕಿಗಳನ್ನು ಇಳಿಸಬಹುದು, ನಿಜ. ಆದರೆ ಕೀಪ್‌ಅಲೈವ್‌ಗೆ ಉತ್ತರ ಕೊಡುವುದು ಆ ಕಡೆಯ ಕರ್ನಲ್. ಒಳಗಿನ ಪ್ರೋಗ್ರಾಂ ಕೆಟ್ಟು ನಿಂತಿದ್ದರೂ ಅದು ಬದುಕಿದ್ದೇನೆ ಅನ್ನುತ್ತದೆ.

ಹಾಗಾಗಿ ನಮ್ಮದೇ ಟೈಮ್‌ಔಟ್ ಬೇಕು. ಪೈಥಾನ್ 3.11ರಿಂದ ಅಸಿಂಕ್‌ಐಒದಲ್ಲಿ ಟೈಮ್‌ಔಟ್ ಅನ್ನುವ ಬ್ಲಾಕ್ ಇದೆ, ಅದಕ್ಕಿಂತ ಹಿಂದಿನದರಲ್ಲಿ ವೇಟ್ ಫಾರ್. ರೀಡ್‌ಲೈನನ್ನು ಅದರೊಳಗೆ ಇಟ್ಟರೆ, ಹೇಳಿದ ಹೊತ್ತಿನೊಳಗೆ ಪೂರ್ತಿ ಸಾಲು ಬರದಿದ್ದರೆ ಎಕ್ಸೆಪ್ಷನ್ ಬರುತ್ತದೆ. ಪೂರ್ತಿ ಸಾಲು ಅನ್ನುವುದು ಮುಖ್ಯ. ಒಂದೊಂದು ಓದಿಗೂ ಬೇರೆ ಬೇರೆ ಟೈಮ್‌ಔಟ್ ಕೊಟ್ಟರೆ, ಆಗಾಗ ಒಂದೊಂದೇ ಬೈಟ್ ಕಳಿಸುವ ಕ್ಲೈಂಟ್ ಎಂದೂ ಸಿಕ್ಕಿಬೀಳುವುದಿಲ್ಲ. 2009ರಲ್ಲಿ ಬಂದ ಸ್ಲೋಲೋರಿಸ್ ದಾಳಿ ವೆಬ್ ಸರ್ವರ್‌ಗಳನ್ನು ಕಟ್ಟಿಹಾಕಿದ್ದು ಹೀಗೆ ನಿಧಾನವಾಗಿ ಕಳಿಸಿಯೇ.

ಎಷ್ಟು ಸೆಕೆಂಡ್ ಇಡಬೇಕು? ಹತ್ತು ಸೆಕೆಂಡಿಗೊಂದು ಸಾಲು ಬರಬೇಕಾದ ಕಡೆ ನಾನಾದರೆ ಎರಡು ಹಂತ ಇಡುತ್ತೇನೆ. 35 ಸೆಕೆಂಡ್ ಸುದ್ದಿ ಇಲ್ಲದಿದ್ದರೆ ಪರದೆ ಮೇಲೆ ಬಸ್ಸಿನ ಬಣ್ಣ ಬದಲಾಗಲಿ. ಎರಡು ನಿಮಿಷವಾದರೆ ಕನೆಕ್ಷನ್ ಮುಚ್ಚಲಿ. ಬೇಗ ಮುಚ್ಚಿದಷ್ಟೂ ಒಳ್ಳೆಯದು ಅಂತ ಹತ್ತೇ ಸೆಕೆಂಡ್ ಇಟ್ಟರೆ, ಒಂದು ಸಾಲು ತಡವಾದರೂ ಕಡಿದು ಹೋಗುತ್ತದೆ. ಪೆಟ್ಟಿಗೆ ಮತ್ತೆ ಕನೆಕ್ಟ್ ಆಗುವುದರಲ್ಲೇ ಡೇಟಾ ಸುಡುತ್ತದೆ.

ಇಲ್ಲಿಗೆ ಮುಗಿಯಲಿಲ್ಲ. ಇನ್ನೊಂದು ದೋಷ ಇದೆ, ಅದು ಕಣ್ಣಿಗೆ ಬೀಳುವುದು ಬಹಳ ಕಷ್ಟ.

ಯಾವ ಪೆಟ್ಟಿಗೆಗೆ ಯಾವ ಕನೆಕ್ಷನ್ ಅಂತ ಸರ್ವರ್ ಒಂದು ಡಿಕ್ಷನರಿ ಇಟ್ಟುಕೊಂಡಿರುತ್ತದೆ. ಪೆಟ್ಟಿಗೆಗೆ ಏನಾದರೂ ಆದೇಶ ಕಳಿಸಬೇಕಲ್ಲ, ಅದಕ್ಕೆ. ಹ್ಯಾಂಡ್ಲರ್‌ನ ಶುರುವಿನಲ್ಲಿ 417 ಅನ್ನು ಸೇರಿಸುತ್ತೇವೆ. ಟಾಸ್ಕ್ ಹೇಗೆ ಮುಗಿದರೂ ಕೊನೆಗೆ ಓಡುವ ಫೈನಲಿ ಬ್ಲಾಕ್‌ನಲ್ಲಿ 417 ಅನ್ನು ತೆಗೆಯುತ್ತೇವೆ. ನೋಡಲು ಅಚ್ಚುಕಟ್ಟಾಗಿದೆ, ಅಲ್ವಾ?

ಪೆಟ್ಟಿಗೆ ಘಾಟಿಯಲ್ಲಿ ಒಂದು ಕಡೆ ಅರೆಕ್ಷಣ ಸಿಗ್ನಲ್ ಸಿಕ್ಕಾಗ, ಹಳೆಯ ಕನೆಕ್ಷನ್ ಹೋಯಿತೆಂದು ತಿಳಿದು ಹೊಸದೊಂದನ್ನು ತೆರೆಯಿತು. ಸರ್ವರ್‌ನಲ್ಲಿ ಹೊಸ ಟಾಸ್ಕ್ ಶುರುವಾಗಿ ಡಿಕ್ಷನರಿಯಲ್ಲಿ 417ರ ಜಾಗದಲ್ಲಿ ಹೊಸ ರೈಟರ್ ಕೂತಿತು. ಹಳೆಯ ಟಾಸ್ಕ್ ಇನ್ನೂ ಮಲಗಿಯೇ ಇದೆ. ಸ್ವಲ್ಪ ಹೊತ್ತಿಗೆ ಅದರ ಎರಡು ನಿಮಿಷ ತುಂಬಿತು. ಫೈನಲಿ ಓಡಿತು. 417 ಅನ್ನು ಡಿಕ್ಷನರಿಯಿಂದ ತೆಗೆಯಿತು. ತೆಗೆದದ್ದು ಯಾರನ್ನು? ಹೊಸಬನನ್ನು.

ಈಗ ಬಸ್ಸು ಹತ್ತು ಸೆಕೆಂಡಿಗೊಮ್ಮೆ ಸರಿಯಾಗಿ ಸಾಲು ಕಳಿಸುತ್ತಿದೆ, ಡೇಟಾಬೇಸ್‌ಗೆ ಬೀಳುತ್ತಲೂ ಇದೆ. ಆದರೆ ಆದೇಶ ಕಳಿಸಲು ಹೋದರೆ ಅಂಥ ಪೆಟ್ಟಿಗೆಯೇ ಇಲ್ಲ ಅನ್ನುತ್ತದೆ ಸರ್ವರ್. ಲಾಗ್‌ನಲ್ಲಿ ಯಾವ ಎರರ್ ಕೂಡ ಇಲ್ಲ. ಸರ್ವರ್ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ, ಮುಂದಿನ ಘಾಟಿಯವರೆಗೆ.

ಪರಿಹಾರ ಒಂದೇ ಸಾಲಿನದು. ತೆಗೆಯುವ ಮೊದಲು, ಡಿಕ್ಷನರಿಯಲ್ಲಿ ಈಗ ಕೂತಿರುವುದು ನನ್ನದೇ ರೈಟರ್ ಹೌದಾ ಅಂತ ನೋಡಬೇಕು. ಹೌದಾದರೆ ಮಾತ್ರ ತೆಗೆಯಬೇಕು. ಈ ಹೋಲಿಕೆ ಮತ್ತು ತೆಗೆಯುವಿಕೆ ನಡುವೆ ಅವೇಟ್ ಬರಕೂಡದು. ಜೊತೆಗೆ, ಅದೇ ನಂಬರಿನ ಹೊಸ ಕನೆಕ್ಷನ್ ಬಂದಾಗ ಹಳೆಯದನ್ನು ಆಗಲೇ ಮುಚ್ಚಿಬಿಟ್ಟರೆ ಎರಡು ನಿಮಿಷ ಕಾಯುವುದೂ ತಪ್ಪುತ್ತದೆ. ಒಬ್ಬರೇ ಯೂಸರ್ ಎರಡು ಸಲ ಕನೆಕ್ಟ್ ಆಗಬಹುದಾದ ಯಾವ ಸರ್ವರ್‌ನಲ್ಲೂ, ಚಾಟ್ ಇರಲಿ ಆಟವಿರಲಿ, ಇದನ್ನು ಒಮ್ಮೆ ತೆರೆದು ನೋಡಿ.

ನಿಧಾನವಾಗಿ ಓದುವವರು

ಇಲ್ಲಿಯವರೆಗೆ ಸರ್ವರ್ ಕೇಳಿಸಿಕೊಳ್ಳುತ್ತಿತ್ತು. ಈಗ ಅದು ಕಳಿಸಬೇಕು. ಕಂಟ್ರೋಲ್ ರೂಮಿನ ಪರದೆಗಳು, ಪ್ರಯಾಣಿಕರ ಆ್ಯಪ್‌ಗಳು ಬಸ್ಸುಗಳ ಜಾಗವನ್ನು ನೇರವಾಗಿ ಪಡೆಯುತ್ತಿವೆ. ಅದರಲ್ಲಿ ಒಂದು ಕೆಟ್ಟ ನೆಟ್‌ವರ್ಕ್‌ನಲ್ಲಿರುವ ಫೋನು.

ರೈಟರ್‌ನ ರೈಟ್ ಕರೆ ಕಾಯುವುದಿಲ್ಲ. ಆ ಕಡೆಯವರು ತಗೊಳ್ಳದಿದ್ದರೆ ಬೈಟ್‌ಗಳನ್ನು ನಮ್ಮ ಮೆಮೊರಿಯಲ್ಲೇ ಗುಡ್ಡೆ ಹಾಕುತ್ತದೆ. ಮಿತಿಯೇ ಇಲ್ಲ. ರೈಟ್ ಆದ ಮೇಲೆ ಡ್ರೇನ್‌ಗೆ ಅವೇಟ್ ಹಾಕಬೇಕು ಅನ್ನುವುದು ಇದಕ್ಕೇ. ಅದು ಮನೆ ಮೇಲಿನ ಟ್ಯಾಂಕಿಗೆ ಹಾಕುವ ಆಟೋಮ್ಯಾಟಿಕ್ ಸ್ವಿಚ್‌ನ ಹಾಗೆ ಕೆಲಸ ಮಾಡುತ್ತದೆ. ಮೇಲಿನ ಗುರುತು ದಾಟಿದರೆ ಮೋಟರ್ ನಿಲ್ಲುತ್ತದೆ, ನೀರು ಕೆಳಗಿನ ಗುರುತಿಗೆ ಇಳಿದರೆ ಮಾತ್ರ ಮತ್ತೆ ಶುರು. ಅಸಿಂಕ್‌ಐಒದಲ್ಲಿ ಮೇಲಿನ ಗುರುತು ಮಾಮೂಲಾಗಿ 64 ಕಿಲೋಬೈಟ್, ಕೆಳಗಿನದು ಅದರ ಕಾಲು ಭಾಗ. ಬಫರ್ ಮೇಲಿನ ಗುರುತು ದಾಟದಿದ್ದರೆ ಡ್ರೇನ್ ತಕ್ಷಣ ಹಿಂತಿರುಗುತ್ತದೆ, ಹಾಗಾಗಿ ಹಾಕಿದರೆ ನಷ್ಟವೇನಿಲ್ಲ.

ಡ್ರೇನ್ ಮರೆತರೆ ಮೆಮೊರಿ ಏರುತ್ತಾ ಹೋಗಿ, ಕೊನೆಗೆ ಕರ್ನಲ್ ಇಡೀ ಪ್ರೋಸೆಸ್ಸನ್ನೇ ಕೊಲ್ಲುತ್ತದೆ. ಒಂದು ನಿಧಾನದ ಫೋನಿಗಾಗಿ ಐದು ಸಾವಿರ ಬಸ್ಸು ಬಿದ್ದ ಹಾಗೆ.

ಡ್ರೇನ್ ಹಾಕಿದ ಮೇಲೂ ಒಂದು ಬಲೆ ಇದೆ. ಎಲ್ಲ ಪರದೆಗಳಿಗೂ ಒಂದೇ ಫಾರ್ ಲೂಪ್‌ನಲ್ಲಿ ಒಬ್ಬೊಬ್ಬರಿಗೇ ಬರೆದು ಡ್ರೇನ್ ಮಾಡಿದರೆ, ನಿಧಾನದವನ ಹತ್ತಿರ ಆ ಫಾರ್ ಲೂಪ್ ನಿಲ್ಲುತ್ತದೆ, ಹಿಂದಿನವರಿಗೆಲ್ಲ ತಡ. ಪ್ರತಿ ನೋಡುಗನಿಗೂ ಅವನದೇ ಪುಟ್ಟ ಕ್ಯೂ, ಅವನದೇ ಕಳಿಸುವ ಟಾಸ್ಕ್ ಕೊಡಬೇಕು. ಕ್ಯೂ ತುಂಬಿದರೆ ಏನು ಮಾಡುವುದು? ಇದಕ್ಕೆ ಲೈಬ್ರರಿಯಲ್ಲಿ ಉತ್ತರ ಇಲ್ಲ, ಕೆಲಸದಲ್ಲಿ ಇದೆ. ಬಸ್ಸಿನ ಜಾಗ ಆದರೆ ಹಳೆಯದನ್ನು ಎಸೆದುಬಿಡಿ. ಅರ್ಧ ನಿಮಿಷದ ಹಿಂದೆ ಬಸ್ಸು ಎಲ್ಲಿತ್ತು ಅನ್ನುವುದು ಯಾರಿಗೂ ಬೇಡ. ಟಿಕೆಟ್ ಹಣದ ಸುದ್ದಿ ಆದರೆ ಒಂದನ್ನೂ ಎಸೆಯುವಂತಿಲ್ಲ. ಅಲ್ಲಿ ಕನೆಕ್ಷನ್ ಮುಚ್ಚಿ, ಅವನು ಮತ್ತೆ ಬಂದಾಗ ಬಿಟ್ಟಲ್ಲಿಂದ ಕೊಡಬೇಕು.

ಮುಚ್ಚುವುದೂ ಒಂದು ಕೆಲಸ

ಕ್ಲೋಸ್ ಕರೆದು, ವೇಟ್ ಕ್ಲೋಸ್ಡ್‌ಗೆ ಅವೇಟ್ ಹಾಕುವುದು ಹ್ಯಾಂಡ್ಲರ್‌ನ ಫೈನಲಿಯಲ್ಲಿ ಇರಬೇಕು. ಯಾವ ಎಕ್ಸೆಪ್ಷನ್ ಬಂದರೂ ಅದು ಓಡುವ ಹಾಗೆ. ಆ ಕಡೆಯವರು ಮುಚ್ಚಿ, ನಾವು ಮುಚ್ಚದೇ ಬಿಟ್ಟ ಸಾಕೆಟ್‌ಗಳು ಕ್ಲೋಸ್ ವೇಟ್ ಸ್ಥಿತಿಯಲ್ಲಿ ಕೊಳೆಯುತ್ತವೆ. ಅವಕ್ಕೆ ಯಾವ ಟೈಮರ್ ಕೂಡ ಇಲ್ಲ. ಸಾಕೆಟ್‌ಗಳ ಸ್ಥಿತಿ ತೋರಿಸುವ ಎಸ್‌ಎಸ್ ಕಮಾಂಡ್ ಕೊಟ್ಟು ನೋಡಿ. ಕ್ಲೋಸ್ ವೇಟ್ ಸಂಖ್ಯೆ ದಿನೇದಿನೇ ಏರುತ್ತಿದ್ದರೆ ತಪ್ಪು ನೆಟ್‌ವರ್ಕ್‌ನದಲ್ಲ, ನಮ್ಮ ಕೋಡ್‌ನದು.

ಒಂದು ಪ್ರೋಸೆಸ್ ತೆರೆದಿಡಬಹುದಾದ ಫೈಲ್ ಮತ್ತು ಸಾಕೆಟ್‌ಗಳ ಮಿತಿ ಹಲವು ಲಿನಕ್ಸ್‌ಗಳಲ್ಲಿ ಶುರುವಿಗೆ 1,024. ಐದು ಸಾವಿರ ಬಸ್ಸಿಗೆ ಇದನ್ನು ಮೊದಲೇ ಏರಿಸಬೇಕು. ಮಿತಿ ಮುಟ್ಟಿದರೆ ಅಸಿಂಕ್‌ಐಒ ಲಾಗ್‌ನಲ್ಲಿ ಎರರ್ ಬರೆದು, ಒಂದು ಸೆಕೆಂಡ್ ಹೊಸಬರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿ, ಮತ್ತೆ ಪ್ರಯತ್ನಿಸುತ್ತದೆ. ಹೊರಗಿನಿಂದ ನೋಡಿದರೆ ಸರ್ವರ್ ಬದುಕಿದೆ, ಯಾರನ್ನೂ ಒಳಗೆ ಬಿಡುತ್ತಿಲ್ಲ.

ಟಾಸ್ಕ್‌ಗಳ ಬಗ್ಗೆ ಒಂದು ಎಚ್ಚರ. ಕ್ರಿಯೇಟ್ ಟಾಸ್ಕ್‌ನಿಂದ ಶುರು ಮಾಡಿದ್ದನ್ನು ಎಲ್ಲೂ ಹಿಡಿದಿಟ್ಟುಕೊಳ್ಳದಿದ್ದರೆ, ಲೂಪ್ ಅದಕ್ಕೆ ದುರ್ಬಲ ಕೊಂಡಿ ಮಾತ್ರ ಇಟ್ಟುಕೊಳ್ಳುತ್ತದೆ. ಕೆಲಸ ಅರ್ಧದಲ್ಲಿರುವಾಗಲೇ ಪೈಥಾನ್ ಅದನ್ನು ಕಸ ಅಂತ ಗುಡಿಸಬಹುದು. ಒಂದು ಸೆಟ್‌ನಲ್ಲಿ ಹಾಕಿಡಿ, ಅಥವಾ 3.11ರ ಟಾಸ್ಕ್ ಗ್ರೂಪ್ ಬಳಸಿ. ಹಾಗೇ, ಬರೀ ಎಕ್ಸೆಪ್ಟ್ ಅಂತ ಬರೆದು ಎಲ್ಲವನ್ನೂ ನುಂಗಬೇಡಿ. ಟಾಸ್ಕ್ ರದ್ದು ಮಾಡುವ ಸೂಚನೆಯೂ ಎಕ್ಸೆಪ್ಷನ್ ಆಗಿಯೇ ಬರುತ್ತದೆ. ಅದನ್ನು ನುಂಗಿದರೆ ಸರ್ವರ್ ನಿಲ್ಲಿಸಲು ಹೋದಾಗ ನಿಲ್ಲುವುದೇ ಇಲ್ಲ.

ಎಲ್ಲರೂ ಒಟ್ಟಿಗೆ ಬಂದಾಗ

ಸರ್ವರ್ ರೀಸ್ಟಾರ್ಟ್ ಮಾಡಿದಿರಿ. ಐದು ಸಾವಿರ ಪೆಟ್ಟಿಗೆಗೂ ಕನೆಕ್ಷನ್ ಒಂದೇ ಕ್ಷಣ ಹೋಯಿತು. ಎಲ್ಲವೂ ಐದು ಸೆಕೆಂಡ್ ಬಿಟ್ಟು ಮತ್ತೆ ಪ್ರಯತ್ನಿಸು ಅಂತ ಬರೆಸಿಕೊಂಡಿದ್ದರೆ, ಐದನೇ ಸೆಕೆಂಡಿಗೆ ಐದು ಸಾವಿರವೂ ಒಟ್ಟಿಗೆ ಬಾಗಿಲಿಗೆ ಬರುತ್ತವೆ. ಒಳಗೆ ಬರಲು ಕಾಯುವವರ ಸಾಲಿಗೆ ಅಸಿಂಕ್‌ಐಒ ಮಾಮೂಲಾಗಿ ಇಟ್ಟಿರುವ ಉದ್ದ 100. ಉಳಿದವು ಸೋತು, ಮತ್ತೆ ಐದು ಸೆಕೆಂಡಿಗೆ ಮತ್ತೆ ಒಟ್ಟಿಗೆ.

ಬಿಡಿಸುವ ಕ್ರಮ ಹಳೆಯದು. ಪ್ರತಿ ಸೋಲಿಗೂ ಕಾಯುವ ಹೊತ್ತನ್ನು ಹೆಚ್ಚಿಸುತ್ತಾ ಹೋಗಬೇಕು, ಅದಕ್ಕೊಂದು ಗರಿಷ್ಠ ಇರಬೇಕು, ಮತ್ತು ಒಂದಿಷ್ಟು ಲಾಟರಿ ಬೆರೆಸಬೇಕು, ಅಂದರೆ ಒಂದೊಂದು ಪೆಟ್ಟಿಗೆ ಕಾಯುವ ಹೊತ್ತು ಯದ್ವಾತದ್ವಾ ಸ್ವಲ್ಪ ಹೆಚ್ಚುಕಡಿಮೆ ಆಗಬೇಕು. ಟ್ವಿಸ್ಟೆಡ್‌ನಲ್ಲಿ ಇದಕ್ಕಾಗಿಯೇ ರೀಕನೆಕ್ಟಿಂಗ್ ಕ್ಲೈಂಟ್ ಫ್ಯಾಕ್ಟರಿ ಅಂತ ಸಿದ್ಧವಿದೆ. ಅದರಲ್ಲಿ ಮೊದಲ ಕಾಯುವಿಕೆ ಒಂದು ಸೆಕೆಂಡ್, ಪ್ರತಿ ಸೋಲಿಗೂ 2.718 ಪಟ್ಟು, ಗರಿಷ್ಠ ಒಂದು ಗಂಟೆ. ಗಣಿತದ ಇ ಸ್ಥಿರಾಂಕವನ್ನೇ ಹಾಕಿದ್ದಾರೆ, ಅದು ಜಾಸ್ತಿ ಅನಿಸಿದರೆ ಸುವರ್ಣ ಅನುಪಾತದ 1.618 ಬಳಸಿ ಅಂತ ಪಕ್ಕದಲ್ಲೇ ಬರೆದಿದ್ದಾರೆ. ಅಸಿಂಕ್‌ಐಒದಲ್ಲಿ ಇಂಥದ್ದು ಸಿದ್ಧವಿಲ್ಲ, ನಾವೇ ಬರೆಯಬೇಕು. ಹತ್ತು ಸಾಲಿನ ಕೆಲಸ. ಬಸ್ಸಿಗೆ ಗರಿಷ್ಠ ಒಂದು ಗಂಟೆ ತೀರಾ ಹೆಚ್ಚಾಯಿತು, ಒಂದು ನಿಮಿಷ ಸಾಕು.

ಇನ್ನು ಪರೀಕ್ಷೆ. ಕ್ಲೈಂಟ್ ಪ್ರೋಗ್ರಾಂ ಅನ್ನು ಕಂಟ್ರೋಲ್ ಸಿ ಒತ್ತಿ ಕೊಂದು, ಸರ್ವರ್ ಅದನ್ನು ಗಮನಿಸಿತು ಅಂತ ತೃಪ್ತಿಪಡಬೇಡಿ. ಪ್ರೋಗ್ರಾಂ ಸತ್ತರೂ ಅದರ ಕರ್ನಲ್ ಬದುಕಿದೆ, ಕನೆಕ್ಷನ್ ಮುಗಿಯಿತು ಅಂತ ಅದೇ ಪ್ಯಾಕೆಟ್ ಕಳಿಸುತ್ತದೆ. ಘಾಟಿಯಲ್ಲಿ ಆಗುವುದು ಅದಲ್ಲ. ಸರ್ವರ್ ಬೇರೆ ಕಡೆ ಇರಲಿ, ಕ್ಲೈಂಟ್ ಇರುವ ಲ್ಯಾಪ್‌ಟಾಪ್‌ಗೆ ಫೋನಿನ ಹಾಟ್‌ಸ್ಪಾಟ್‌ನಿಂದ ನೆಟ್ ಕೊಡಿ. ಸಾಲುಗಳು ಹೋಗುತ್ತಿರುವಾಗ ಫೋನಿನಲ್ಲಿ ಮೊಬೈಲ್ ಡೇಟಾ ಮಾತ್ರ ಆಫ್ ಮಾಡಿ. ವೈಫೈ ಹಾಗೇ ಇರುವುದರಿಂದ ಲ್ಯಾಪ್‌ಟಾಪ್‌ಗೂ ಗೊತ್ತಾಗುವುದಿಲ್ಲ, ಸರ್ವರ್‌ಗೂ ಗೊತ್ತಾಗುವುದಿಲ್ಲ. 35ನೇ ಸೆಕೆಂಡಿಗೆ ಬಣ್ಣ ಬದಲಾಯಿತಾ ನೋಡಿ. ಎರಡು ನಿಮಿಷ ತುಂಬುವ ಮೊದಲೇ ಡೇಟಾ ಆನ್ ಮಾಡಿ, ಕ್ಲೈಂಟ್‌ನ ಇನ್ನೊಂದು ಪ್ರತಿಯನ್ನು ಅದೇ 417 ನಂಬರಿನಲ್ಲಿ ಓಡಿಸಿ. ಆಮೇಲೆ ಎರಡು ನಿಮಿಷ ದಾಟಲು ಬಿಟ್ಟು, 417ಕ್ಕೆ ಒಂದು ಆದೇಶ ಕಳಿಸಿ ನೋಡಿ.